ಚಿಕ್ಕಮ್ಮನ ಸೋಡಿಯಂ ಬಾಗಿಲುಗಳು

ನಮ್ಮ ಚಿಕ್ಕಮ್ಮನನ್ನು ಅಪ್ಪಿತಪ್ಪಿಯೂ "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಬೇಡಿ. ಕೇಳಿದವರು ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದೇ ಇಲ್ಲ!

ಅಮ್ಮನ ಈ ತಂಗಿ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಮಕ್ಕಳ ಹಾಗೆ ಸಾಕುತ್ತಾಳೆ. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಒಳಬರಲು ಪುಟಾಣಿ ಬಾಗಿಲುಗಳಿವೆಯಂತೆ. ನರಗಳಿಗೆ ಅವು ಬೇಕೇ ಬೇಕು. ಆದರೆ ಕೆಲವು ಕ್ಯಾನ್ಸರ್ ಕೋಶಗಳೂ ಅವನ್ನು ಇಟ್ಟುಕೊಂಡು, ಅವುಗಳ ಬಲದಿಂದ ಅಕ್ಕಪಕ್ಕಕ್ಕೆ ನುಗ್ಗುತ್ತವಂತೆ. ಬಾಗಿಲು ಮುಚ್ಚಿದರೆ ನುಗ್ಗುವುದು ನಿಲ್ಲುತ್ತದೆಯೇ? ಇದೇ ಅವಳ ಜೀವಮಾನದ ಪ್ರಶ್ನೆ.

ಇದನ್ನು ಕೇಳಿದ ಪಕ್ಕದ ಮನೆ ಆಂಟಿ ಏನು ಮಾಡಿದರು ಗೊತ್ತೇ? ಸೋಡಿಯಂ ಎಂದರೆ ಉಪ್ಪು ತಾನೇ ಎಂದು ವಾರವಿಡೀ ಉಪ್ಪಿಲ್ಲದ ಸಾರು ಮಾಡಿದರು! ಎಂಟನೇ ದಿನ ಅಂಕಲ್ಲೇ ಬಂದು ಕೈಮುಗಿದರು. "ಮೇಡಂ, ನಿಮ್ ಬಾಗ್ಲು ಏನಾದ್ರೂ ಮಾಡ್ಕೊಳ್ಳಿ. ನಮ್ಮನೆ ಸಾರಿಗೆ ಉಪ್ಪು ಹಾಕ್ಸಿ!"

"ಅಯ್ಯೋ, ಊಟದ ಉಪ್ಪಿನ ಮಾತಲ್ಲ ಸಾರ್ ಅದು," ಎಂದು ಚಿಕ್ಕಮ್ಮ ಶುರು ಮಾಡಿದಳು. ಅಂಕಲ್ ಹೊರಡುವಾಗ ಅವರ ಮನೆಯಲ್ಲಿದ್ದ ಉಪ್ಪಿಲ್ಲದ ಸಾರೂ ಆರಿಹೋಗಿತ್ತು.

ಇನ್ನೊಮ್ಮೆ ಬಿ.ಟಿ.ಎಂ.ನಿಂದ ಜೆ.ಪಿ. ನಗರಕ್ಕೆ ಆಟೋ ಹತ್ತಿದವಳು ಡ್ರೈವರಿಗೆ ಪಾಠ ಹೇಳುತ್ತ ಕೋಣನಕುಂಟೆ ತಲುಪಿದ್ದಳು. "ಅಣ್ಣ, ನಮ್ಮ ರಸ್ತೆ ದಾಟಿ ಬಂದ್ಬಿಟ್ವಲ್ಲ!" ಎಂದರೆ ಅವನು, "ಮೀಟ್ರು ಆಫ್ ಮಾಡಿದೀನಿ ಮೇಡಂ. ಆ ಬಾಗ್ಲು ಮುಚ್ಚಿದ್ಮೇಲೆ ಏನಾಯ್ತು, ಅದನ್ನ ಹೇಳಿ!" ಎಂದನಂತೆ.

ಹೋದ ವರ್ಷ ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ರಿಪೋರ್ಟ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಮುಕ್ಕಾಲು ಗಂಟೆ ವಿವರಿಸಿದರು. ಚಿಕ್ಕಮ್ಮ ತುಟಿ ಬಿಚ್ಚಲಿಲ್ಲ. ಕಾರಿಡಾರಿನಲ್ಲಿ ಅಮ್ಮನೇ ಕೇಳಿದಳು.

"ಊರಿಗೆಲ್ಲ ಹೇಳ್ತೀಯ, ನಂಗೇನೂ ಹೇಳಲ್ವೇನೇ?"

"ಅದೆಲ್ಲ ಇನ್ನೂ ಲ್ಯಾಬಲ್ಲೇ ಇದೆ ಅಕ್ಕ. ನಿಂಗೆ ಕೊಡೋಕೆ ನನ್ ಹತ್ರ ಏನೂ ಇಲ್ಲ." ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಅಮ್ಮನೇ ಸಮಾಧಾನ ಮಾಡಬೇಕಾಯಿತು!

ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಚಿಕ್ಕಮ್ಮ ರಜೆ ಹಾಕಿ ನಮ್ಮ ಮನೆಯಲ್ಲೇ ಉಳಿದಳು. ಒಂದು ಬೆಳಿಗ್ಗೆ ಕಾಫಿ ಕೊಡಲು ಕೋಣೆಗೆ ಹೋದೆ. ಅಮ್ಮ ಇನ್ನೂ ಎದ್ದಿರಲಿಲ್ಲ. ಚಿಕ್ಕಮ್ಮ ಅವಳ ದಿಂಬಿನ ಮೇಲೆ ಉದುರಿದ್ದ ಕೂದಲನ್ನು ಒಂದೊಂದಾಗಿ ಆರಿಸಿ ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದಳು.

ನನ್ನನ್ನು ನೋಡಿ ಪಿಸುಗುಟ್ಟಿದಳು. "ಶ್... ಎದ್ದು ನೋಡಿದ್ರೆ ನೊಂದ್ಕೋತಾಳೆ ಕಣೋ."

ಈಗ ಅಮ್ಮ ಚೇತರಿಸಿಕೊಂಡಿದ್ದಾಳೆ. ಬೆರಳುದ್ದ ಕೂದಲೂ ಬಂದಿದೆ. ಭಾನುವಾರ ಚಿಕ್ಕಮ್ಮ ಬಂದು ಅದಕ್ಕೆ ಎಣ್ಣೆ ಹಚ್ಚುತ್ತಾಳೆ. ಹಚ್ಚಿ ಮುಗಿದರೂ ಬಹಳ ಹೊತ್ತು ಅಕ್ಕನ ತಲೆಯ ಮೇಲಿನ ಕೈ ತೆಗೆಯುವುದಿಲ್ಲ.