ಕಾಣೆಯಾದ ನಾಲ್ಕು ತಪ್ಪುಗಳನ್ನು ಕುರಿತು ಪತ್ತೇದಾರಿ ಕಾದಂಬರಿಕಾರರಿಗೆ

ಮಾನ್ಯರೇ,

ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ, ನಿವೃತ್ತರಾದ ಮೇಲೂ ಸುಮ್ಮನೆ ಕೂರದೆ, ಹರೆಯದ ಓದುಗರಿಗಾಗಿ ವಸತಿ ಶಾಲೆಯ ಪತ್ತೇದಾರಿ ಕಾದಂಬರಿ ಬರೆದು ಉಪಕರಿಸಿದ ತಮಗೆ, ಅದರ ಇನ್ನೂರ ಹನ್ನೆರಡು ಪುಟಗಳನ್ನೂ ತನ್ನ ಹತ್ತು ಬೆರಳುಗಳಿಂದ ಟೈಪು ಮಾಡಿದ, ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟ, ಪ್ರೆಸ್ಸಿನ ಹುಡುಗಿಯ ತಲೆಬಾಗಿದ ನಮಸ್ಕಾರಗಳು. ಹತ್ತು ಬೆರಳು ಎಂದದ್ದು ಸುಳ್ಳಾಯಿತು. ಆರು.

ಈ ಪತ್ರವನ್ನು ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ಹೋದ ವಾರ ಗ್ರಂಥಾಲಯದಲ್ಲಿ ನಡೆದ ಓದುಗರ ಸಭೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, “ಸರ್, ಚೀಟೀಲಿ ಒಂದು ತಪ್ಪೂ ಇಲ್ವಲ್ಲ, ಮತ್ತೆ ಆ ಅಕ್ಕನ್ನ ಯಾಕೆ ಹಿಡಿದ್ರು?” ಎಂದು ಕೇಳಿದಾಗ, ತಾವು ಕನ್ನಡಕ ಒರೆಸಿಕೊಳ್ಳುತ್ತಾ, “ಅದು ಪ್ರೆಸ್ಸಲ್ಲಿ ಆಗಿರೋ ಎಡವಟ್ಟು ಮಗು. ಶಾಲೆ ಬಿಟ್ಟವರ ಕೈಗೆ ಪುಸ್ತಕ ಕೊಟ್ರೆ ಇನ್ನೇನಾಗುತ್ತೆ?” ಎಂದು ಸಭೆಯನ್ನೆಲ್ಲ ನಗಿಸಿದಿರಿ. ಪುಸ್ತಕದ ಕಟ್ಟು ಹೊತ್ತು ತಂದು ಬಾಗಿಲ ಬಳಿ ನಿಂತಿದ್ದ ನಾನೂ ನಕ್ಕೆ. ಎಲ್ಲರೂ ನಗುವಾಗ ಒಬ್ಬಳೇ ಮುಖ ಊದಿಸಿಕೊಂಡರೆ ಚೆನ್ನಾಗಿರುವುದಿಲ್ಲ. ಮಾತು ನಾಲ್ಕು ಜನರ ಮುಂದೆ ಬಂದದ್ದರಿಂದ ಉತ್ತರವೂ ನಾಲ್ಕು ಜನರ ಮುಂದೆಯೇ ಇರಲಿ ಎಂದು ಇದನ್ನು ಬಹಿರಂಗ ಪತ್ರವಾಗಿಸಿದೆ.

ಪುಸ್ತಕ ಓದದವರಿಗಾಗಿ ಕಥೆ ಇಷ್ಟು: ವಸತಿ ಶಾಲೆಯ ಗಂಟೆ ಕಳುವಾಗುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಚೀಟಿಯೊಂದು ಸಿಗುತ್ತದೆ, ತಮ್ಮ ಹಸ್ತಪ್ರತಿಯಲ್ಲಿ ಅದು ಹೀಗಿತ್ತು: “ಮುಕ್ಯೋಪಾದ್ಯಾಯರೇ, ಬಯ ಬೇಡ. ನಿಮ್ಮ ಗಂಟೆ ಬದ್ರವಾಗಿದೆ.” ಹದಿನಾಲ್ಕು ವರ್ಷದ ತಮ್ಮ ಪತ್ತೇದಾರಿಣಿ ಇಪ್ಪತ್ತೊಂದನೇ ಅಧ್ಯಾಯದಲ್ಲಿ ಅದನ್ನು ಭೂತಗನ್ನಡಿಯಲ್ಲಿ ನೋಡಿ, “ನಾಲ್ಕು ಕಡೆ ಮಹಾಪ್ರಾಣವಿಲ್ಲ! ಇದು ಓದು ಬಿಟ್ಟವರ ಕೈಬರಹ!” ಎಂದು ಘೋಷಿಸಿ, ಅದೇ ಶಾಲೆಯಲ್ಲಿ ಓದು ಬಿಟ್ಟು ಅಲ್ಲಿಯೇ ಬಟ್ಟೆ ಒಗೆಯುವ ಕೆಲಸಕ್ಕಿದ್ದ ಹುಡುಗಿಯನ್ನು ಹಿಡಿದುಕೊಡುತ್ತಾಳೆ. ಕಳ್ಳಿ ಯಾರೆಂದು ಮೊದಲೇ ಹೇಳಿದ್ದಕ್ಕೆ ಕ್ಷಮೆಯಿರಲಿ. ಪುಸ್ತಕ ಓದಿದರೂ ಯಾಕೆ ಅವಳೇ ಎಂಬುದು ಗೊತ್ತಾಗುವುದಿಲ್ಲ, ಏಕೆಂದರೆ ಅಚ್ಚಾದ ಪುಸ್ತಕದ ಚೀಟಿಯಲ್ಲಿ ನಾಲ್ಕೂ ಮಹಾಪ್ರಾಣಗಳು ಎದೆಯುಬ್ಬಿಸಿಕೊಂಡು ಕುಳಿತಿವೆ.

ತಮ್ಮ ಕಲ್ಪನಾಶಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾನು ಅಂಥದೇ ಶಾಲೆಯಲ್ಲಿ ನಾಲ್ಕು ವರ್ಷ ಇದ್ದವಳು, ಒಂದು ಪೀರಿಯಡ್ಡು ಪೂರ್ತಿ ಬೆಂಚಿನ ಮೇಲೆ ಕೂರಲಾರದೆ ಬಿಟ್ಟು ಬಂದವಳು. ನಮ್ಮಲ್ಲಿ ಯಾರಾದರೂ ಗಂಟೆ ಕದ್ದಿದ್ದರೆ ತನಿಖೆ ಮಾಡುವ ಮಾತಿರಲಿ, ಕದ್ದವರ ಪಾಲಿನ ಬಟ್ಟೆಯನ್ನು ವರ್ಷವಿಡೀ ನಾವೇ ಒಗೆದುಕೊಡುತ್ತಿದ್ದೆವು. ತಮ್ಮ ಪತ್ತೇದಾರಿಣಿ ಇನ್ನೂರು ಪುಟಗಳಲ್ಲಿ ಒಮ್ಮೆಯೂ ಬಕೆಟ್ಟು ಹಿಡಿದು ಸ್ನಾನದ ಸರದಿಯಲ್ಲಿ ನಿಲ್ಲುವುದಿಲ್ಲ, ಅವಳ ಕಾಲುಚೀಲ ಒಮ್ಮೆಯೂ ಅದಲುಬದಲಾಗುವುದಿಲ್ಲ. ಇಷ್ಟು ಪುರುಸೊತ್ತಿದ್ದಿದ್ದರೆ ನಾನೂ ಒಬ್ಬಿಬ್ಬರನ್ನು ಹಿಡಿದುಕೊಡುತ್ತಿದ್ದೆನೋ ಏನೋ.

ಇನ್ನು ಆ ನಾಲ್ಕು ತಪ್ಪುಗಳ ವಿಷಯ. ಟೈಪು ಮಾಡುವಾಗ ಅವನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೆ. ತಪ್ಪಿಲ್ಲದ ಕಡೆ ತಪ್ಪು ಮಾಡುವುದು ಸುಲಭ, ತಪ್ಪಿರಬೇಕಾದ ಕಡೆ ಅದನ್ನು ತಪ್ಪದೆ ತಪ್ಪಾಗಿಯೇ ಉಳಿಸುವುದು ಎಂಥ ಕೆಲಸವೆಂದು ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ಪ್ರೂಫು ತಮ್ಮ ಮನೆಗೆ ಹೋಯಿತು, ಮೂರು ದಿನ ಬಿಟ್ಟು ವಾಪಸು ಬಂತು. ಎಂಬತ್ತೊಂದನೇ ಪುಟದಲ್ಲಿ, ಮೂವತ್ತೆರಡು ವರ್ಷದ ಅಭ್ಯಾಸಬಲದಿಂದ, ತಮ್ಮದೇ ಕೆಂಪು ಶಾಯಿಯ ಪೆನ್ನು ‘ಕ್ಯೋ’ ಹೊಡೆದು ‘ಖ್ಯೋ’ ಬರೆದಿತ್ತು, ಉಳಿದ ಮೂರು ಅಕ್ಷರಗಳ ಹೊಟ್ಟೆಯನ್ನು ನುರಿತ ವೈದ್ಯರಂತೆ ಸೀಳಿತ್ತು. ಅಂಚಿನಲ್ಲಿ, “ಎಷ್ಟು ಸಲ ಹೇಳಬೇಕು? ಮೂರು ಬಾರಿ ಬರೆದು ತೋರಿಸು” ಎಂದೂ ಇತ್ತು. ತಮ್ಮ ಕಥೆಯ ಕಳ್ಳಿಯ ಕಾಪಿಯನ್ನೂ ತಿದ್ದದೆ ಬಿಡದ ಗುರುಗಳು ಇನ್ನೊಬ್ಬರು ಸಿಗಲಾರರು.

ನಾನು ಆ ಹಾಳೆ ಹಿಡಿದು ಪ್ರೆಸ್ಸಿನ ಯಜಮಾನರ ಬಳಿ ಹೋದೆ. ಮಾತು ಮುಗಿಸದೆ ಕೆಮ್ಮಿ ನಿಲ್ಲಿಸುವ ಅಭ್ಯಾಸವಿರುವುದರಿಂದ ಬೈಂಡಿಂಗಿನವರೆಲ್ಲ ಅವರನ್ನು ಬೆನ್ನ ಹಿಂದೆ ‘ಅರ್ಧವಿರಾಮ’ ಎನ್ನುತ್ತಾರೆ. “ಯಜಮಾನ್ರೇ, ಇದನ್ನ ಸರಿ ಮಾಡಿದ್ರೆ ಕಳ್ಳಿ ಸಿಗಲ್ಲ” ಎಂದೆ. “ಬರೆದವರೇ ತಿದ್ದಿದಾರೆ, ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ? ಹಾಕು ಹಾಗೇ, ಇಲ್ಲಾಂದ್ರೆ...” ಎಂದು ಕೆಮ್ಮಿದರು. ಹಾಕಿದೆ.

ಸಭೆಯ ಮರುದಿನವೇ ತಮ್ಮ ದೂರುಪತ್ರ ಬಂತು: ತಪ್ಪು ಮಾಡಿದವಳು ಬರಹದಲ್ಲಿ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಮುಂದಿನ ಪುಸ್ತಕ ಬೇರೆ ಪ್ರೆಸ್ಸಿಗೆ. ಯಜಮಾನರು ಒಕ್ಕಣೆಯನ್ನೂ ತಾವೇ ಹೇಳಿದರು: “ಓದು ಬಿಟ್ಟವಳಾದ ನನ್ನ ಅಜ್ಞಾನದಿಂದ ಚೀಟಿ ಬದಲಾಯಿತು.” ಸೋಮವಾರದೊಳಗೆ ಸಹಿ ಹಾಕದಿದ್ದರೆ ಕುರ್ಚಿ ಬಿಡಬೇಕು. ಮನೆಯಲ್ಲಿ ಅಮ್ಮ, “ಒಂದು ಸಾಲು ಬರೆದು ಬಿಸಾಕೇ, ಕೈಯೇನು ಸವೆಯುತ್ತಾ? ಶಾಲೆನೂ ಬಿಟ್ಟೆ, ಈಗ ಇದನ್ನೂ ಬಿಡ್ತೀಯಾ?” ಎನ್ನುತ್ತಾಳೆ. ಶಾಲೆಯನ್ನು ನಾನೇ ಬಿಟ್ಟೆ, ನಿಜ. ಆದರೆ ಈ ಕೆಲಸ ನನಗೆ ಇಷ್ಟ. ನಡುನಡುವೆ ಎದ್ದು ಓಡಾಡಿದರೂ ಮತ್ತೆ ಬಂದು ಕೂರಬೇಕೆನ್ನಿಸುವ ಕುರ್ಚಿ ನನಗೆ ಸಿಕ್ಕಿರುವುದು ಇದೊಂದೇ.

ಆದ್ದರಿಂದ ಆ ಸಾಲಿಗೆ ಬದಲಾಗಿ ನಿಜವಾದ ತಪ್ಪೊಪ್ಪಿಗೆಯನ್ನು ಇಲ್ಲಿ ಸಲ್ಲಿಸುತ್ತಿದ್ದೇನೆ. ಯಜಮಾನರನ್ನು ನಾನು ಒಂದೇ ಸಲ ಕೇಳಿದೆ. ಇನ್ನೊಮ್ಮೆ ಕೇಳಬಹುದಿತ್ತು, ತಮ್ಮ ಮನೆಗೇ ಬಂದು ಬಾಗಿಲು ತಟ್ಟಬಹುದಿತ್ತು. ಕೇಳಲಿಲ್ಲ. ಆ ನಾಲ್ಕು ಅಕ್ಷರ ಸರಿಯಾದರೆ ಒಗೆಯುವ ಕೋಣೆಯ ಹುಡುಗಿಯ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ ಎಂದು ಗೊತ್ತಿತ್ತು, ಗೊತ್ತಿದ್ದೇ ಸುಮ್ಮನಾದೆ. ಇದು ಅಜ್ಞಾನವಲ್ಲ, ಪಕ್ಷಪಾತ. ಇದಕ್ಕೆ ಎಲ್ಲಿ ಹೇಳಿದರಲ್ಲಿ ಸಹಿ ಹಾಕುತ್ತೇನೆ.

ಮಾನ್ಯರಾದ ತಾವು ದಯಮಾಡಿ, ಎರಡನೇ ಮುದ್ರಣದ ಹೊತ್ತಿಗೆ ಆ ಹುಡುಗಿಯನ್ನು ಅವಳು ಸಿಕ್ಕಿಬಿದ್ದ ನೂರ ಎಂಬತ್ತೆಂಟನೇ ಪುಟದಿಂದ ಬಿಡುಗಡೆ ಮಾಡಿ, ತಮ್ಮ ಪತ್ತೇದಾರಿಣಿಯನ್ನು ಒಂದು ವಾರ ಒಗೆಯುವ ಕೋಣೆಗೆ ಕಳಿಸಿ, ಗಂಟೆಯನ್ನು ಸಿಗದ ಜಾಗದಲ್ಲೇ ಬಿಟ್ಟು ಶಾಲೆಯ ಮಕ್ಕಳೆಲ್ಲರ ಹರಕೆಗೆ ಪಾತ್ರರಾಗಬೇಕೆಂದು ಬೇಡುತ್ತೇನೆ. ಇಷ್ಟೆಲ್ಲ ಕಷ್ಟವಾದರೆ ಒಂದು ಸಾಲು ಸಾಕು: “ಕೆಂಪು ಶಾಯಿ ನನ್ನದೇ.” ಭಾನುವಾರದೊಳಗೆ ಬಂದರೆ ಸಾಕು. ಮೂರು ಬಾರಿ ಬರೆಯುವ ಅಗತ್ಯವಿಲ್ಲ.

ಸೋಮವಾರದವರೆಗಂತೂ ಇದೇ ಕುರ್ಚಿಯಲ್ಲಿರುವ
ತಮ್ಮ ವಿಶ್ವಾಸಿ,
ಪ್ರೆಸ್ಸಿನ ಹುಡುಗಿ

ಮರೆತ ಮಾತು: ತಮ್ಮ ದೂರುಪತ್ರವನ್ನು ಕಡತಕ್ಕೆ ಸೇರಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಕೊನೆಯ ಸಾಲಿನಲ್ಲಿ ತಾವು, “ಇನ್ನು ಮುಂದಾದರೂ ಅಕ್ಷರಸ್ತರನ್ನು ನೇಮಿಸಿಕೊಳ್ಳಿ” ಎಂದು ಬರೆದಿದ್ದೀರಿ. ಆ ಪದದ ‘ಸ್ತ’ಕ್ಕೆ ಹೊಟ್ಟೆ ಸೀಳಿ ‘ಸ್ಥ’ ಮಾಡಬೇಕೆಂದು ನನ್ನ ಕೈ ಬಹಳ ತುರಿಸಿತು. ತಿದ್ದಲಿಲ್ಲ. ತಮ್ಮ ಪತ್ತೇದಾರಿಣಿ ಎಂದಾದರೂ ಭೂತಗನ್ನಡಿ ಹಿಡಿದು ನಮ್ಮ ಪ್ರೆಸ್ಸಿಗೆ ಬಂದರೆ, ಸಾಕ್ಷ್ಯ ಇದ್ದ ಹಾಗೇ ಸಿಗಲಿ.