ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಬಂತು?

ಬಿಜೂರಿನಿಂದ ಬ್ರಹ್ಮಾವರಕ್ಕೆ ಕಾರಿನಲ್ಲಿ ಹೋಗಿ, ಹೊರಡುವಾಗ ಬ್ಯಾಟರಿಯಲ್ಲಿ ಎಷ್ಟು ಕರೆಂಟಿತ್ತೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಂಡು ಮನೆಗೆ ವಾಪಸು ಬರಬೇಕು! ಇದು ನನ್ನ ತಮ್ಮನ ಬಾಳಿನ ಗುರಿ. ಅದು ಹೇಗೆ ಸಾಧ್ಯ ಎಂದು ಶಾಲೆಗೆ ಹೋಗುವ ಮೊಮ್ಮಕ್ಕಳು ನೀವು ನಗಬಹುದು. ನಗಿ. ಆದರೆ ಅವನ ಎದುರಿಗೆ ನಗಬೇಡಿ. ನಕ್ಕವರನ್ನು ಅವನು ಕಾರಿಗೆ ಹತ್ತಿಸಿಕೊಂಡು ಒಂದು ಸುತ್ತು ಕರೆದುಕೊಂಡು ಹೋಗುತ್ತಾನೆ. ಅದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಊರಿನಲ್ಲಿ ಇಲ್ಲ.

ಕುಂದಾಪುರದಿಂದ ರಜೆಗೆ ಬಂದಾಗಲೆಲ್ಲ ನೀವು ಅವನನ್ನು ಐಸಜ್ಜ ಎಂದು ಕರೆಯುತ್ತೀರಲ್ಲ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ಐಸ್ ಮಾಡುವ ಒಂದು ಪ್ಲಾಂಟಿನಲ್ಲಿ ಅವನು ಮೂವತ್ತು ಮಳೆಗಾಲಕ್ಕಿಂತ ಹೆಚ್ಚು ಮೆಷಿನ್ ನೋಡಿಕೊಂಡಿದ್ದ. ನೀರು ಗಡ್ಡೆ ಕಟ್ಟಬೇಕಾದರೆ ಎಷ್ಟು ಕರೆಂಟು ಬೇಕು, ಬಾಗಿಲು ಒಂದು ಗಳಿಗೆ ತೆರೆದಿಟ್ಟರೆ ಎಷ್ಟು ತಂಪು ಓಡಿಹೋಗುತ್ತದೆ, ಇದೆಲ್ಲ ಅವನಿಗೆ ಮೈಮೇಲೆ ಬರೆದಂತೆ ಗೊತ್ತು. ಅವನ ಮನೆಗೆ ಹೋದವರು ಫ್ರಿಜ್ಜಿನ ಬಾಗಿಲು ತೆರೆದು ನಿಂತು ಯೋಚನೆ ಮಾಡುವ ಹಾಗಿಲ್ಲ. "ಹ್ವಾಯ್, ಎಂತ ಬೇಕಂದ್ ಮೊದ್ಲ್ ಹೊರ್ಗ್ ನಿಂತ್ ಯೋಚ್ನೆ ಮಾಡಿ, ಕಡೆಗ್ ಬಾಗಿಲ್ ತೆಗೆನಿ!" ಎಂಬ ಕೂಗು ಪಡಸಾಲೆಯಿಂದ ಬರುತ್ತದೆ. ಇಂಥವನ ಕೈಗೆ ಒಂದು ಕರೆಂಟಿನ ಕಾರು ಸಿಕ್ಕರೆ ಹೇಗಿರಬಹುದು, ನೀವೇ ಹೇಳಿ!

ಕಾರು ಬಂದದ್ದು ನನ್ನ ಕಣ್ಣಿಗೆ ತೊಂದರೆ ಶುರುವಾದ ವರ್ಷ. ಸಕ್ಕರೆ ಕಾಯಿಲೆ ನನ್ನ ಬಲಗಣ್ಣಿನೊಳಗೆ ಹೊಗೆ ತುಂಬಿಸಿಬಿಟ್ಟಿತ್ತು. ಎಡಗಣ್ಣಿಗೂ ಅದೇ ಶುರುವಾಗಿದೆ, ತಿಂಗಳಿಗೊಂದು ಸೂಜಿ ಹಾಕಿ ನೋಡೋಣ, ಉಳಿದರೆ ಉಳಿಯಿತು ಎಂದು ಬ್ರಹ್ಮಾವರದ ಡಾಕ್ಟರಮ್ಮ ಹೇಳಿದ್ದರು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಮಾತ್ರ. ಆದರೂ ಅಂಗಡಿಯಿಂದ ಬೆಲ್ಲ ಕಟ್ಟಿ ತಂದ ಕಾಗದವನ್ನೂ ಓದದೆ ಬಿಸಾಡಿದವಳಲ್ಲ. ನಿಮ್ಮ ಅಜ್ಜ ಹೋದ ಮೇಲಂತೂ ನನಗಿದ್ದ ಜೊತೆ ಆ ಓದೊಂದೇ. ಆ ಎಡಗಣ್ಣು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಔಷಧಿ ಬಿಟ್ಟ ಕಣ್ಣಿನಲ್ಲಿ ಬಸ್ಸಿನಲ್ಲಿ ಬರುತ್ತ ನಾನೊಮ್ಮೆ ನಮ್ಮ ಊರೆಂದು ತಿಳಿದು ನಾವುಂದದಲ್ಲೇ ಇಳಿದುಬಿಟ್ಟೆ. ಮರುವಾರ ತಮ್ಮ ಯಾರೋ ಓಡಿಸಿ ಮಾರಿದ ಒಂದು ಸಣ್ಣ ಕರೆಂಟು ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ.

"ನಿನ್ ಸಲುವಾಗಿ ಅಲ್ಲ ಮಾರಾಯ್ತಿ. ಪೆಟ್ರೋಲ್ ವಾಸ್ನಿ ನಂಗ್ ಆತ್ತಿಲ್ಲೆ, ಅದ್ಕೆ" ಎಂದ.

ಮೊದಲನೆಯ ಪ್ರಯಾಣದಲ್ಲೇ ಗೊತ್ತಾಯಿತು, ಆ ಕಾರಿನಲ್ಲಿ ದೇವರ ಪಟ ಇರುವ ಜಾಗದಲ್ಲಿ ಒಂದು ಪರದೆ ಇದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಿಲೋಮೀಟರ್ ಓಡಿತು ಎಂದು ಅದು ಹೇಳುತ್ತಿರುತ್ತದೆ. ತಮ್ಮನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಅದರ ಮೇಲೆ. ಆರೂವರೆ ಬಂದರೆ ಮುಖ ಸಣ್ಣದು. ಏಳು ದಾಟಿದರೆ ಸಿಳ್ಳೆ. ಕಂಪನಿಯ ಕಾಗದದಲ್ಲಿ ಬರೆದಷ್ಟು ದೂರ ಮಾತ್ರ ಅದು ಒಂದು ದಿನವೂ ಓಡಲಿಲ್ಲ. "ಅದ್ ಗಾಳಿ ಇಲ್ದಿದ್, ಮಳಿ ಇಲ್ದಿದ್, ನೆಂಟ್ರ್ ಇಲ್ದಿದ್ ಊರಿನ್ ಲೆಕ್ಕ. ನಮ್ಮೂರಿನ್ ಲೆಕ್ಕ ನಾವೇ ಮಾಡ್ಕ್" ಎಂದು ಅವನು ಲೆಕ್ಕ ಹಿಡಿದು ಕೂತ.

ಆ ಲೆಕ್ಕದ ಮೊದಲ ಶತ್ರು ಎ.ಸಿ. ಮರವಂತೆಯ ಸಮುದ್ರ ಕೂಡ ಕುದಿಯುತ್ತಿದೆಯೋ ಎನ್ನುವಂಥ ಏಪ್ರಿಲ್ ತಿಂಗಳು. ಅವನ ಹೆಂಡತಿ, ನನ್ನ ಜೊತೆ ಆಸ್ಪತ್ರೆಗೆ ಬರುವವಳು, ಹಿಂದಿನ ಸೀಟಿನಲ್ಲಿ ಬೆವರಿ ಮುದ್ದೆಯಾಗಿದ್ದಳು.

"ಹ್ವಾಯ್, ಆ ತಂಪಿನ್ ಗುಂಡಿ ಒಂಚೂರ್ ಒತ್ತಿ ಕಾಂಬ."

"ತಂಪ್ ಮಾಡುದ್ ಅಂದ್ರೆ ಎಂತ ಅಂತ ನಂಗ್ ಹೇಳ್ಕೊಡ್ಬೇಡ. ಇಡೀ ಆಯುಷ್ಯ ಅದನ್ನೇ ಮಾಡಿದ್ದ್ ನಾನ್."

"ಮೀನಿಗ್ ಮಾಡಿದ್ರಿ ಅಲ್ದಾ? ಹೆಂಡ್ತಿಗೂ ಒಂಚೂರ್ ಮಾಡಿ!"

ಅವನು ಸೀಟಿನ ಕೆಳಗಿನಿಂದ ಎರಡು ಅಡಿಕೆ ಹಾಳೆಯ ಬೀಸಣಿಗೆ ತೆಗೆದು ಹಿಂದಕ್ಕೆ ಚಾಚಿದ. "ಬೀಸ್ಕಣಿ. ಇದ್ ಕರೆಂಟ್ ತಿಂಬುದಿಲ್ಲ."

"ಬೀಸುವವ್ರ್ ಗಂಜಿ ತಿಂತ್ರ್ ಅಲ್ದಾ, ಅದ್ ಯಾವ್ ಮೀಟರಿಗ್ ಬತ್ತ್?" ಎಂದಳು ಅವಳು. ಕಿಟಕಿಯಾದರೂ ತೆರೆಯೋಣವೆಂದರೆ ಅದಕ್ಕೂ ಕಾನೂನು! ಐವತ್ತರ ಮೇಲೆ ಹೋದರೆ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಹಿಡಿದು ಎಳೆಯುತ್ತದಂತೆ. ನಾವಿಬ್ಬರೂ ದೇವರಲ್ಲಿ ಬೇಡಿಕೊಂಡದ್ದು ಒಂದೇ, ಕಾರು ಐವತ್ತು ಮುಟ್ಟದಿರಲಿ. ಅಷ್ಟು ಸುಲಭದ ಹರಕೆಯನ್ನು ಯಾವ ದೇವರೂ ಇದುವರೆಗೆ ಪಡೆದಿರಲಾರ. ಅವನು ನಲವತ್ತೈದೇ ದಾಟುತ್ತಿರಲಿಲ್ಲ!

ನಲವತ್ತೈದರಲ್ಲಿ ಹೆದ್ದಾರಿಯಲ್ಲಿ ಹೋದರೆ ಏನಾಗುತ್ತದೆ ಗೊತ್ತೇ? ಎಲ್ಲರ ಪರಿಚಯವಾಗುತ್ತದೆ! ಲಾರಿಯವರು, ಬಸ್ಸಿನವರು, ಎಲ್ಲರೂ ನಮ್ಮ ಮುಖ ನೋಡಿಯೇ ಮುಂದೆ ಹೋಗುವುದು. ಒಮ್ಮೆ ಹೆಮ್ಮಾಡಿಯ ಹತ್ತಿರ ಮೀನು ಮಾರುವವನೊಬ್ಬ, ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಹಳೆಯ ಮೊಪೆಡ್ಡಿನಲ್ಲಿ ನಮ್ಮನ್ನು ದಾಟಿ ಹೋದ. ಹೋದವನು ನಿಧಾನ ಮಾಡಿ ಪಕ್ಕಕ್ಕೆ ಬಂದು, "ಎಂತ ಆಯ್ತ್ ಮಾರಾಯ್ರೆ, ದೂಡುಕೆ ಜನ ಬೇಕಾ?" ಎಂದು ಕೇಳಿದ. ಪಾಪ, ನಿಜವಾಗಿ ಸಹಾಯ ಮಾಡುವ ಮನಸ್ಸು ಅವನದ್ದು!

ಇನ್ನು ಸಾಸ್ತಾನದ ಟೋಲು. ಬ್ರೇಕು ಒತ್ತಿದರೆ ಓಡಿದ ಶಕ್ತಿ ಸುಟ್ಟು ಹೋಗುತ್ತದೆ, ಬರೀ ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸು ಹಾಕುತ್ತದೆ. ಇದು ಅವನು ನನಗೆ ಕಲಿಸಿದ ಪಾಠ. ಹಾಗಾಗಿ ಸಾಸ್ತಾನದ ಟೋಲಿಗೆ ಅವನು ಸಾಲಿಗ್ರಾಮದಲ್ಲೇ ಕಾಲು ತೆಗೆಯುತ್ತಾನೆ! ಹಿಂದಿನವರು ಹಾರ್ನು ಹಾಕುತ್ತಾರೆ, ಬೈಯುತ್ತಾರೆ. ಅವನು ಮಾತ್ರ ಪರದೆಯಲ್ಲಿ ವಾಪಸು ಬರುತ್ತಿರುವ ಕರೆಂಟು ನೋಡುತ್ತ, "ಬತ್ತ್ ಇತ್ತ್, ಬತ್ತ್ ಇತ್ತ್" ಎಂದು ದನ ಹಾಲು ಕೊಡುವಾಗ ಹೇಳುವ ದನಿಯಲ್ಲಿ ಹೇಳುತ್ತಿರುತ್ತಾನೆ.

ಒತ್ತಿನೆಣೆಯ ಗುಡ್ಡ ಇಳಿಯುವಾಗ ಇನ್ನೂ ಹೆಚ್ಚು ಸಿಗುತ್ತದೆಂದು ಒಮ್ಮೆ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಇಳಿದು ಮುಗಿದ ಮೇಲೆ ಪರದೆ ತೋರಿಸಿ ಬೀಗಿದ, "ಕಾಣ್, ಪುಕ್ಕಟೆ!" ಅವನ ಹೆಂಡತಿ ಬಗ್ಗಿ ನೋಡಿದಳು. "ಹತ್ತುವಾಗ ಒಂದ್ ಸೇರ್ ಕೊಟ್ಟ್, ಇಳುವಾಗ ಅರ್ಧ ಸೇರ್ ತಕಂಡ್, ಪುಕ್ಕಟೆ ಅಂಬ್ರಾ?"

ಆದರೆ ಅವನ ಲೆಕ್ಕವನ್ನು ಪೂರ್ತಿ ಮುಳುಗಿಸಿದ್ದು ನಮ್ಮ ಊರಿನ ಮರ್ಯಾದೆ. ನಮ್ಮಲ್ಲಿ ನೆಂಟರ ಮನೆಯಿಂದ ಬರಿಗೈಯಲ್ಲಿ ಹೊರಡುವುದುಂಟೇ? ಕಾರು ಹಗುರವಾಗಲಿ ಎಂದು ಅವನು ಡಿಕ್ಕಿಯಲ್ಲಿದ್ದ ಹಾಸು, ಹಳೆ ಕೊಡೆ, ಕೊನೆಗೆ ತನ್ನ ಇನ್ನೊಂದು ಜೊತೆ ಚಪ್ಪಲಿಯನ್ನೂ ಮನೆಯಲ್ಲಿ ಬಿಟ್ಟು ಬರುತ್ತಿದ್ದ. ನೆಂಟರು ಅದೇ ಡಿಕ್ಕಿಗೆ ತೆಂಗಿನಕಾಯಿ, ಸೌತೆಕಾಯಿ, ಬಾಳೆಗೊನೆ ತುಂಬುತ್ತಿದ್ದರು. ಕೋಟದಲ್ಲಿ ಅವನ ಹೆಂಡತಿಯ ಅಕ್ಕನ ಮನೆ. ಆಸ್ಪತ್ರೆಯಿಂದ ಬರುತ್ತ ಅಲ್ಲಿ ಇಳಿದಿದ್ದೆವು. ಹೊರಡುವಾಗ ಆ ಅಕ್ಕ ಒಂದು ಹಲಸಿನ ಹಣ್ಣು ಹೊರಿಸಿಕೊಂಡು ಬಂದರು. ಅಬ್ಬಾ, ಅದು ಹಣ್ಣಲ್ಲ, ಒಂದು ವರ್ಷದ ಕರು!

ತಮ್ಮ ಕೈಮುಗಿದ. "ಬೇಡ ಅತ್ಗೆ, ಭಾರ ಆತ್ತ್."

"ನೀವ್ ತಲಿ ಮೇಲ್ ಹೊತ್ಕಂಡ್ ಹೋತ್ರಾ? ಕಾರ್ ಇತ್ತಲೆ! ಕೊಟ್ಟದ್ದ್ ಬೇಡ ಅಂದ್ರೆ ಇನ್ ಈ ಮೆಟ್ಟಿಲ್ ಹತ್ತುದ್ ಬೇಡ."

ಅವನು ಒಂದು ನಿಮಿಷ ಯೋಚಿಸಿದ. ಮುಖ ಅರಳಿತು. "ಹಾಂಗಾರೆ ಇಲ್ಲೇ ಕೊಯ್ನಿ. ತಿಂದ್ ಮುಗ್ಸಿ ಹೋಪ."

ಕೊಯ್ದರು. ಮನೆಯವರು, ಪಕ್ಕದ ಮನೆಯವರು ಎಲ್ಲ ಕೂತರು. ಸಕ್ಕರೆ ಕಾಯಿಲೆಯವಳಾದ ನನಗೆ ಎರಡೇ ತೊಳೆ. ತಮ್ಮ ಮಾತ್ರ, ಭಾರ ಇಳಿಸುವ ಜವಾಬ್ದಾರಿ ತನ್ನೊಬ್ಬನದೇ ಎನ್ನುವಂತೆ ತಿಂದ. ಖಾಲಿ ಡಿಕ್ಕಿಯ ಸಂತೋಷದಲ್ಲಿ ಹೊರಟು ಕೋಟೇಶ್ವರ ಮುಟ್ಟಿರಬೇಕು, ಅವನ ಹೆಂಡತಿ ಮೆಲ್ಲಗೆ ಕೇಳಿದಳು, "ಹ್ವಾಯ್, ಹಣ್ಣ್ ಡಿಕ್ಕಿಲಿ ಇದ್ರೂ, ನಿಮ್ ಹೊಟ್ಟಿಲಿ ಇದ್ರೂ, ಕಾರಿಗ್ ಭಾರ ಒಂದೇ ಅಲ್ದಾ?"

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟ! ತಿರುಗಿ ಅವಳನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಆದರೆ ಕೇಳಿ, ಆ ದಿನ ಯೂನಿಟ್ಟಿಗೆ ಎಂಟು ಕಿಲೋಮೀಟರ್ ಬಂತು. ಅಲ್ಲಿಯವರೆಗೆ ಬಂದಿರಲೇ ಇಲ್ಲ! ಹೊಟ್ಟೆ ಬಿರಿಯುವ ಹಾಗಾಗಿ ಅವನು ಮೂವತ್ತರ ಮೇಲೆ ಓಡಿಸಿರಲಿಲ್ಲ, ಅಷ್ಟೇ. ಅವನು ಮಾತ್ರ ಅದೆಲ್ಲ ಹಲಸಿನ ಹಣ್ಣಿನ ಮಹಿಮೆ ಎಂದು ಈಗಲೂ ಹೇಳುತ್ತಾನೆ.

ಹೀಗೆ ನಗುತ್ತ, ಬೆವರುತ್ತ ತಿಂಗಳುಗಳು ಕಳೆದವು. ಆಸ್ಪತ್ರೆ ಹತ್ತಿರ ಬಂದಂತೆ ಸೂಜಿಯ ಹೆದರಿಕೆ ಹೆಚ್ಚುತ್ತಿತ್ತು, ಇವರ ಜಗಳ ಕೇಳುವಾಗ ಅರ್ಧ ಮರೆಯುತ್ತಿತ್ತು.

ಮೊನ್ನೆ ಆಷಾಢದಲ್ಲಿ ಹೋದದ್ದು ಮಾತ್ರ ಬೇರೆ ಥರ. ಎಡಗಣ್ಣು ಉಳಿಯಿತೋ ಕೆಟ್ಟಿತೋ ಈ ಸಲ ಹೇಳಿಬಿಡುತ್ತೇನೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಜಡಿ ಮಳೆ. ಮರವಂತೆಯಲ್ಲಿ ಎದುರುಗಾಳಿ ಕಾರನ್ನು ಹಿಂದಕ್ಕೆ ದೂಡುತ್ತಿತ್ತು. ರಸ್ತೆಯ ನೀರು ಚಕ್ರಕ್ಕೆ ಅಂಟಿಕೊಂಡು ಎಳೆಯುತ್ತಿತ್ತು. ಪರದೆಯಲ್ಲಿ ಐದೂಕಾಲು. ನಾನು ಬೈಗುಳ ಕೇಳಲು ಕಿವಿ ನೆಟ್ಟಗೆ ಮಾಡಿ ಕೂತೆ. ತಮ್ಮ ತುಟಿ ಬಿಚ್ಚಲಿಲ್ಲ. ಅವನ ಹೆಂಡತಿಯೂ ಕೆಣಕಲಿಲ್ಲ. ಸಾಸ್ತಾನದಲ್ಲಿ ಅವನು ಎಲ್ಲರ ಹಾಗೆ ಬ್ರೇಕು ಒತ್ತಿಯೇ ನಿಲ್ಲಿಸಿದ. ಆಗ ನನಗೆ ನಿಜವಾಗಿ ಭಯವಾಯಿತು.

ಆಸ್ಪತ್ರೆಯ ಒಳಗೆ ಅವನು ಬರುವುದಿಲ್ಲ, ಕಾರಿನ ಹತ್ತಿರವೇ ನಿಲ್ಲುತ್ತಾನೆ. ನಾವಿಬ್ಬರು ಹೋದೆವು. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಫೋಟೋ ತೆಗೆಸಿ ನೋಡಿದರು. ಗೋಡೆಯ ಅಕ್ಷರ ಓದಿಸಿದರು. ನಾನು ಕೆಳಗಿನ ಸಾಲಿನವರೆಗೂ ಓದಿದೆ. ಕುರ್ಚಿ ಹಿಂದೆ ಸರಿಸಿ ಅವರು ಹೇಳಿದರು, "ಬಾವು ಪೂರ್ತಿ ಇಳಿದಿದೆ ಅಮ್ಮ. ಇವತ್ತು ಸೂಜಿ ಬೇಡ. ಸಕ್ಕರೆ ಹಿಡಿತದಲ್ಲಿಟ್ಟುಕೊಳ್ಳಿ. ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು."

ಪಕ್ಕದಲ್ಲಿದ್ದ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಎಲ್ಲಿ, ನಿಮ್ಮ ತಮ್ಮ ಇವತ್ತೂ ಒಳಗೆ ಬರಲಿಲ್ಲವೇ?" ಎಂದು ಡಾಕ್ಟರಮ್ಮ ನಕ್ಕರು. "ಮೊದಲನೇ ಸೂಜಿಯ ದಿನ ನೀವು ಮಲಗಿದ್ದಾಗ ಒಬ್ಬರೇ ಬಂದು ಏನು ಕೇಳಿದ್ದರು ಗೊತ್ತಾ? 'ನನ್ನ ಎರಡೂ ಕಣ್ಣು ಗಟ್ಟಿ ಇವೆ, ಕಾರು ಬಿಡಲು ಒಂದು ಸಾಕು, ಇನ್ನೊಂದು ಅಕ್ಕನಿಗೆ ಹಾಕಲು ಆಗುತ್ತದೆಯೇ' ಅಂತ. ಹಾಗೆಲ್ಲ ಆಗುವುದಿಲ್ಲ ಎಂದು ನಂಬಿಸಲು ನನಗೆ ಅರ್ಧ ಗಂಟೆ ಬೇಕಾಯ್ತು."

ಹೊರಗೆ ಬಂದೆವು. ಮಳೆ ನಿಂತಿರಲಿಲ್ಲ. ಅವನು ಕೊಡೆ ಹಿಡಿದು ಕಾರಿನ ಪಕ್ಕದಲ್ಲಿ ನಿಂತಿದ್ದ.

"ಎಂತ ಅಂದ್ರ್?"

"ಸೂಜಿ ಬೇಡ ಅಂಬ್ರ್. ಆರ್ ತಿಂಗಳ್ ಬಿಟ್ಟ್ ಬಂದ್ರೆ ಸಾಕಂಬ್ರ್."

ಅವನು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಹೆಗಲ ಬೈರಾಸು ತೆಗೆದು, ಕಾರಿನ ಮುಂದಿನ ಗಾಜು ಒರೆಸತೊಡಗಿದ. ಅಂಥ ಮಳೆಯಲ್ಲಿ! ಒರೆಸಿದಷ್ಟೂ ನೀರು ಬೀಳುತ್ತಿತ್ತು, ಅವನು ಒರೆಸುತ್ತಲೇ ಇದ್ದ. ನಾನು ಹತ್ತಿರ ಹೋಗಿ ಅವನ ತಲೆಯ ಮೇಲೆ ಕೊಡೆ ಹಿಡಿದು ಮುಖ ನೋಡಿದೆ. ಎರಡು ಕಣ್ಣೂ ಅಲ್ಲೇ ಇದ್ದವು. ಎರಡೂ ಕೆಂಪಾಗಿದ್ದವು.