ಸರ್ವೆ ಡೇರೆಯಲ್ಲಿ ಚಳಿ ಕಾಯಿಸಿದ್ದು

ಚಳಿಗಾಲದಲ್ಲಿ ನಾಲ್ಕು ಗಂಡಸರು ಒಂದೇ ಡೇರೆಯಲ್ಲಿ ಮಲಗಿದರೆ ಬೆಳಗಾಗುವುದರೊಳಗೆ ಏನಾದರೊಂದು ಆಗದೆ ಇರುವುದಿಲ್ಲ. ನಮಗಂತೂ ಊರು ಬದಲಾದ ಹಾಗೆ ಹೊಸತೊಂದು ಆಗುತ್ತಲೇ ಇತ್ತು.

ಐವತ್ತರ ದಶಕದ ಕೊನೆಯ ಮಾತು ಇದು. ಪುತ್ತೂರು, ಸುಳ್ಯ, ಕಡಬದ ಕಡೆ ಹೊಸ ರಸ್ತೆಗಳಿಗೆ ದಾರಿ ಅಳೆಯುವುದು ನಮ್ಮ ಕೆಲಸ. ತಂಡ ಸಣ್ಣದು. ಭಾರೀ ಶರೀರದ ಓವರ್‌ಸಿಯರ್, ಅಳತೆಯ ಸರಪಳಿ ಹಿಡಿಯುವ ಚೈನ್‌ಮನ್, ಅಡುಗೆಯ ಭಟ್ರು, ಆಗಷ್ಟೇ ಕೆಲಸಕ್ಕೆ ಸೇರಿದ ನಾನು. ಈ ಸೀಮೆಯಲ್ಲಿ ಎಂಥ ಚಳಿ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಧನುರ್ಮಾಸದಲ್ಲಿ ಹೊಳೆ ಬದಿಯ ಡೇರೆಯಲ್ಲಿ ಒಂದು ರಾತ್ರಿ ಕಳೆದ ಮೇಲೆ ಕೇಳಲಿಲ್ಲ!

ನರಿಮೊಗರಿನ ಹಾಸಿಗೆ

ನರಿಮೊಗರಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಹಾಕಿದ್ದೆವು. ಮೊದಲ ರಾತ್ರಿ ನೆಲದ ಥಂಡಿ ಚಾಪೆಯನ್ನು ದಾಟಿ ಸೀದಾ ಬೆನ್ನಿಗೆ ಬಂತು. ಬೆಳಿಗ್ಗೆ ನಾವು ಬಗ್ಗಿಕೊಂಡು ನಡೆಯುವುದನ್ನು ನೋಡಿ ಗದ್ದೆಯ ಯಜಮಾನರು, "ಎಂತ ಮಾರಾಯ್ರೆ, ಬರೀ ನೆಲದಲ್ಲಿ ಮಲಗುದಾ? ಬೈಹುಲ್ಲು ಉಂಟಲ್ಲ!" ಎಂದು ಹೊರೆಗಟ್ಟಲೆ ಹುಲ್ಲು ಕಳಿಸಿಕೊಟ್ಟರು. ಡೇರೆ ತುಂಬ ಮೊಣಕಾಲೆತ್ತರಕ್ಕೆ ಹಾಸಿದೆವು. ಆಹಾ, ಆ ಬಿಸಿಯೇ! ಓವರ್‌ಸಿಯರರಿಗೆ ಮಲಗಿದ ಕೂಡಲೇ ಗೊರಕೆ.

ಒಂದು ನಿದ್ದೆ ಆಗಿರಬೇಕು. ಕತ್ತಲಲ್ಲಿ ಅವರ ದನಿ ಕೇಳಿತು.

"ಏ ಚೈನ್‌ಮನ್, ನಿನ್ನ ಪಾಲಿನ ಹುಲ್ಲು ನಿನಗುಂಟಲ್ಲ. ನನ್ನದನ್ನು ಯಾಕೆ ಎಳೆಯುದು?"

"ನಾನು ಎಳೆಯುದಲ್ಲ ಧಣಿ."

"ಮತ್ತೆ ಯಾರು? ಭಟ್ರೇ, ನೀವಾ?"

"ನನಗೆ ಎಚ್ಚರವೇ ಇಲ್ಲ ಮಾರಾಯ್ರೆ," ಎಂದರು ಭಟ್ರು.

ಅಷ್ಟರಲ್ಲಿ ಮತ್ತೊಂದು ಎಳೆತ! ಓವರ್‌ಸಿಯರ್ ಸಿಟ್ಟಿನಲ್ಲಿ ಕಳ್ಳನನ್ನು ಹಿಡಿಯಲು ಕೈ ಚಾಚಿದರು. ಕೈಗೆ ಸಿಕ್ಕಿದ್ದು ಒಂದು ಒದ್ದೆ ಮೂಗು. ಅವರ ಕೂಗಿಗೆ ನಾವೆಲ್ಲ ಎದ್ದು ಲಾಟೀನು ಹಚ್ಚಿದರೆ, ಡೇರೆಯ ಅಡಿಯಿಂದ ಒಂದು ಎಮ್ಮೆ ತಲೆ ತೂರಿಸಿ ನಿಧಾನಕ್ಕೆ ಮೆಲ್ಲುತ್ತಾ ಉಂಟು! ಅವರ ಸೊಂಟದಿಂದ ಕೆಳಗೆ ಹಾಸಿಗೆಯೇ ಉಳಿದಿರಲಿಲ್ಲ.

ಬೆಳಿಗ್ಗೆ ಯಜಮಾನರು ಬಂದು ಉತ್ಸಾಹದಲ್ಲಿ ಕೇಳಿದರು, "ಹೇಗಿತ್ತು ಹಾಸಿಗೆ?"

"ನಿಮ್ಮ ಎಮ್ಮೆಯನ್ನೇ ಕೇಳಿ," ಎಂದರು ಓವರ್‌ಸಿಯರ್. "ರುಚಿ ನೋಡಿದ್ದು ಅದು."

ಮರ್ಕಂಜದ ಬಾಟಲಿ

ಮರ್ಕಂಜದಲ್ಲಿ ಚಳಿ ಇನ್ನೂ ಜೋರು. ಭಟ್ರು ಅಲ್ಲಿ ಒಂದು ಉಪಾಯ ತೆಗೆದರು. ದಪ್ಪ ಗಾಜಿನ ಬಾಟಲಿಗೆ ಬಿಸಿನೀರು ತುಂಬಿಸಿ, ಬಿರಡೆ ಬಿಗಿದು, ಹಳೆಯ ಪಂಚೆಯ ತುಂಡು ಸುತ್ತಿ, ಮಲಗುವಾಗ ಒಬ್ಬೊಬ್ಬರ ಕಂಬಳಿಯೊಳಗೆ ಇಡುವುದು. ಕಾಲಿಗೆ ಒತ್ತಿಕೊಂಡರೆ ಬೆಳಗಿನ ಜಾವದವರೆಗೂ ಸುಖವೋ ಸುಖ. "ಭಟ್ರೇ, ನಿಮಗೆ ಇಂಜಿನಿಯರ್ ಕೆಲಸವೇ ಕೊಡಬೇಕಿತ್ತು," ಎಂದು ಓವರ್‌ಸಿಯರ್ ಹೊಗಳಿದ್ದೇ ಹೊಗಳಿದ್ದು.

ಒಂದು ಬೆಳಿಗ್ಗೆ ನಾನು ಎದ್ದು ಹೊರಗೆ ಬಂದರೆ ಡೇರೆಯ ಹಿಂದೆ ಓವರ್‌ಸಿಯರ್ ತಮ್ಮ ಕಂಬಳಿಯನ್ನು ಪೊದೆಯ ಮೇಲೆ ಹರಡುತ್ತಿದ್ದಾರೆ. ನನ್ನನ್ನು ಕಂಡದ್ದೇ ಬೆಚ್ಚಿಬಿದ್ದರು.

"ಎಂತ ಸಾರ್, ಒದ್ದೆಯಾ?"

"ಹೌದು ಮಾರಾಯ, ಭಟ್ರ ಬಾಟ್ಲಿ! ಬಿರಡೆ ಸರಿ ಹಾಕ್ಲಿಲ್ಲ. ಇಡೀ ನೀರು ಚೆಲ್ಲಿ ಹೋಯ್ತು." ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಚೈನ್‌ಮನ್ ಬಂದಾಗ ಅವನಿಗೂ ಹೇಳಿದರು. ಬಿರಡೆ ಹೇಗೆ ಬಿಗಿಯಬೇಕು, ಭಟ್ರು ಹೇಗೆ ಬಿಗಿಯುತ್ತಾರೆ, ಎಲ್ಲ ಕೈಸನ್ನೆ ಮಾಡಿ ವಿವರಿಸುತ್ತಿದ್ದರು.

ಆಗ ಭಟ್ರು ಕಾಫಿ ಹಿಡಿದುಕೊಂಡು ಬಂದು ತಲೆ ತಗ್ಗಿಸಿ ನಿಂತರು.

"ತಪ್ಪಾಯ್ತು ಓವರ್‌ಸಿಯರ್ರೇ. ನೀವು ಬೇಗ ಮಲಗಿಬಿಟ್ರಿ. ನಿನ್ನೆ ನಿಮಗೆ ಬಾಟ್ಲಿ ಕೊಡ್ಲಿಕ್ಕೇ ಮರ್ತುಹೋಯ್ತು!"

ಕಡಬದಲ್ಲಿ ಕಣ್ಣು ಹೋದದ್ದು

ಆಗಷ್ಟೇ ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರಿದ ಕಾಲ. ನಮಗೆ ಬಳ್ಳಾರಿ ಕಡೆಯ ಇಂಜಿನಿಯರ್ ಒಬ್ಬರು ಮೇಲಧಿಕಾರಿಯಾಗಿ ಬಂದರು. ಬಿಸಿಲಲ್ಲಿ ಹುಟ್ಟಿ ಬಿಸಿಲಲ್ಲಿ ಬೆಳೆದ ಮನುಷ್ಯ. ಕಡಬದ ಹತ್ತಿರ ಹೊಳೆಯ ಬದಿಯಲ್ಲಿದ್ದ ನಮ್ಮ ಡೇರೆಗೆ ಸಂಜೆ ಬಂದಿಳಿದವರು ಮಂಜು ನೋಡಿ, "ಇದೇನ್ರೀ, ಹೊಗಿ?" ಎಂದು ಕೇಳಿದರು. ರಾತ್ರಿ ಮಲಗುವಾಗ ಎರಡು ಸ್ವೆಟರ್, ಅದರ ಮೇಲೆ ಕೋಟು, ಉಣ್ಣೆಯ ಕಾಲುಚೀಲ, ತಲೆಗೆ ಮುಖ ಮಾತ್ರ ಕಾಣುವ ದಪ್ಪ ಉಣ್ಣೆಯ ಮಂಕಿ ಕ್ಯಾಪ್.

ಬೆಳಗಿನ ಜಾವ ಒಂದೇ ಬೊಬ್ಬೆ. "ಅಯ್ಯಯ್ಯೋ, ನನ್ನ ಕಣ್ಣು ಹೋದ್ವಲ್ರೀ! ಏನೂ ಕಾಣವಲ್ದು! ಉಸಿರೂ ಬರವಲ್ದು!"

ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಇಂಜಿನಿಯರ್ ಮಂಚದ ಮೇಲೆ ಕೂತು ಎರಡೂ ಕೈ ಗಾಳಿಯಲ್ಲಿ ಆಡಿಸುತ್ತಿದ್ದಾರೆ. ಚೈನ್‌ಮನ್ ಹೆದರಿ ಡಾಕ್ಟರನ್ನು ಕರೆತರಲು ಹೊರಟೇಬಿಟ್ಟ. ಭಟ್ರು ಲಾಟೀನನ್ನು ಹತ್ತಿರ ಹಿಡಿದು ನೋಡಿದರು. ನಿದ್ದೆಯಲ್ಲಿ ಹೊರಳಿ ಹೊರಳಿ ಟೊಪ್ಪಿ ತಿರುಗಿಹೋಗಿತ್ತು. ಟೊಪ್ಪಿಯ ಬಾಯಿ ಬೆನ್ನಿನ ಕಡೆಗೆ, ಟೊಪ್ಪಿಯ ಬೆನ್ನು ಮುಖದ ಮೇಲೆ!

ಭಟ್ರು ಟೊಪ್ಪಿಯನ್ನು ಹಿಡಿದು ಮೆಲ್ಲ ತಿರುಗಿಸಿದರು. ಇಂಜಿನಿಯರ್ ಎರಡು ಸಲ ಕಣ್ಣು ಮಿಟುಕಿಸಿ, ನಮ್ಮನ್ನೆಲ್ಲ ನೋಡಿ, ಗಂಭೀರವಾಗಿ ಕೇಳಿದರು.

"ಯಾಕ್ರೀ ಎಲ್ಲಾರೂ ನಿಂತೀರಿ? ಬೆಳಗಾತೇನು?"

ಒಣ ಕಟ್ಟಿಗೆ

ಮರುವರ್ಷ ಅದೇ ಇಂಜಿನಿಯರ್ ಮತ್ತೆ ಬಂದರು. ಈ ಸಲ ಸುಳ್ಯದ ಆಚೆ, ಘಟ್ಟದ ಬುಡಕ್ಕೆ. ವಾರಗಟ್ಟಲೆ ಕಾಡು ಕಡಿದು ನಾವು ಗುರುತು ಮಾಡಿದ ದಾರಿಯನ್ನು ಅವರು ಬೆಳಿಗ್ಗೆ ನಡೆದು ನೋಡಬೇಕು. ಸರಿ ಕಂಡರೆ ನಮಗೆ ಮನೆಗೆ ಹೋಗಲು ರಜೆ. ಜತೆಯಲ್ಲಿ ತಮ್ಮೂರಿನ ಒಬ್ಬ ಪೇದೆಯನ್ನೂ ಕರೆತಂದಿದ್ದರು. ಬಲು ಚುರುಕು.

ಆ ದಿನ ಮಧ್ಯಾಹ್ನ ಅಕಾಲದ ಮಳೆ ಹೊಡೆದು ಕಟ್ಟಿಗೆಯೆಲ್ಲ ನೆನೆದುಹೋಗಿತ್ತು. ಸಂಜೆಗೆ ಘಟ್ಟದ ಗಾಳಿ ಬೀಸತೊಡಗಿತು. ಭಟ್ರು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರೂ ಬರೀ ಹೊಗೆ. ಇಂಜಿನಿಯರರ ಹಲ್ಲು ಕಟಕಟ ಎನ್ನುತ್ತಿತ್ತು. ಪೇದೆ ನೋಡಿದ, ನೋಡಿದ, ಕತ್ತಿಯನ್ನೂ ಗೋಣಿಯನ್ನೂ ತೆಗೆದುಕೊಂಡು ಕತ್ತಲಲ್ಲಿ ಮಾಯವಾದ. ಬಂದಾಗ ಗೋಣಿ ತುಂಬ ಸೀಳಿದ ಕಟ್ಟಿಗೆ! ಹೊರಗೆ ಒದ್ದೆಯಾದರೂ ಒಳಗೆ ಒಣ. ಮತ್ತೆ ಹೋದ, ಮತ್ತೆ ತಂದ. ಬೆಂಕಿ ಆಳೆತ್ತರಕ್ಕೆ ಎದ್ದಿತು!

ಸುತ್ತ ಕೂತು ಬೆನ್ನು ಕಾಯಿಸಿದೆವು, ಹೊಟ್ಟೆ ಕಾಯಿಸಿದೆವು. ಓವರ್‌ಸಿಯರ್ ಖುಷಿಯಲ್ಲಿ ಯಕ್ಷಗಾನದ ಪದ ಎತ್ತಿದರು, ಚೈನ್‌ಮನ್ ಡಬ್ಬ ಬಡಿದ, ಇಂಜಿನಿಯರ್ ಕೋಟು ಬಿಚ್ಚಿಟ್ಟು ತಾವೇ ಕೈಯಾರೆ ಕಟ್ಟಿಗೆ ಒಟ್ಟುತ್ತಾ ಹೇಳಿದರು, "ನೋಡ್ರಿ ನಮ್ಮ ಹುಡುಗನ್ನ! ನೀವು ಇಷ್ಟು ದಿನ ಕಾಡಿನಾಗ ಇದ್ದು ಏನ್ ಕಲ್ತ್ರಿ?"

ಬೆಳಿಗ್ಗೆ ದಾರಿ ನೋಡಲು ಹೊರಟೆವು. ಮೊದಲ ಗೂಟ ಇಲ್ಲ. ಎರಡನೆಯದೂ ಇಲ್ಲ. ದಾರಿಯ ಗುರುತಿಗೆ ನಾವು ನೆಟ್ಟಿದ್ದ ಮರದ ಗೂಟಗಳ ಜಾಗದಲ್ಲಿ ತಿರುವಿನವರೆಗೂ ಸಾಲಾಗಿ ಬರೀ ತೂತುಗಳು! ಓವರ್‌ಸಿಯರರ ಮುಖ ಬಿಳುಚಿತು. ರಜೆ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡೆ ನಾನು.

"ಗೂಟ ಎಲ್ರೀ?" ಇಂಜಿನಿಯರ್ ಗುಡುಗಿದರು.

ಹಿಂದಿನಿಂದ ಪೇದೆ ಹೆಮ್ಮೆಯಿಂದ ಹೇಳಿದ, "ಸಾಹೇಬ್ರ, ಭಾಳ ಗಟ್ಟಿ ನೆಟ್ಟಿದ್ರು ನೋಡ್ರಿ. ಕಿತ್ತು ಕಿತ್ತು ಸಾಕಾತು!"

ಇಂಜಿನಿಯರ್ ತಿರುಗಿ ಡೇರೆಯವರೆಗೆ ನಡೆದರು. ರಾತ್ರಿಯ ಬೂದಿಯ ರಾಶಿಯ ಮುಂದೆ ನಿಂತರು. ತಾವೇ ಒಟ್ಟಿದ ಕಟ್ಟಿಗೆ, ಯಾರನ್ನು ಬೈಯುವುದು?

"ಹಂಗಾದ್ರ," ಎಂದರು ಕೊನೆಗೆ, "ಸರ್ಕಾರದ ರಸ್ತೆ ಈಗ ಇದ್ರಾಗ ಐತೇನ್ರೀ?"

ಭಟ್ರು ಬಗ್ಗಿ ಬೂದಿಯ ಮೇಲೆ ಅಂಗೈ ಹಿಡಿದು ನೋಡಿದರು.

"ಹೌದು ಸಾರ್. ಇನ್ನೂ ಬಿಸಿ ಉಂಟು. ಬನ್ನಿ, ಕೂತ್ಕೊಳ್ಳಿ."